ಮೊದಲ ಕಲಶದ ದಾನಿ

ಭೋಜ ಊರಿನ ಭೀಮಗೊಂಡ ಪಾಟೀಲರಿಗೆ ಎಪ್ಪತ್ತು ದಾಟಿದೆ. ಹೊಲದ ತುಂಬ ಕಬ್ಬು, ಬ್ಯಾಂಕಿನಲ್ಲಿ ಠೇವಣಿ, ಬಸದಿಯ ಗೋಡೆಗೆ ಎಲ್ಲಿ ನೋಡಿದರೂ ಅಮೃತಶಿಲೆಯಲ್ಲಿ ಕೆತ್ತಿಸಿದ ಅವರದೇ ಹೆಸರು. ಇಷ್ಟಿದ್ದೂ ಹೆಂಡತಿ ಚಂದ್ರಮತಿಯ ಮೊಣಕಾಲಿಗೆ ಮಾತ್ರ ಅವರ ಬಳಿ ದುಡ್ಡಿರಲಿಲ್ಲ. "ವಯಸ್ಸಾದ ಮ್ಯಾಲೆ ಕಾಲ ನೋಯೂದ. ಎಣ್ಣಿ ಹಚ್ಕೊ," ಎಂಬುದೇ ಅವರು ವರ್ಷಗಟ್ಟಲೆ ಕೊಟ್ಟ ಔಷಧ.

ಈ ಸಲದ ಅಭಿಷೇಕದಲ್ಲಿ ಮೊದಲ ಕಲಶ ಎರೆಯುವ ಗೌರವಕ್ಕೆ ಹರಾಜಿನ ಸವಾಲು ನಡೆದಾಗ, ಎದುರಾಳಿ ಸುಮ್ಮನಾಗುವವರೆಗೂ ಭೀಮಗೊಂಡರು ಮೊತ್ತ ಏರಿಸಿ ಕೂಗಿದರು. ಮೈಕಿನಲ್ಲಿ ದಾನಿ ದಂಪತಿಯನ್ನು ಕರೆದ ಕೂಡಲೇ ಜರಿ ರುಮಾಲು ಸರಿಮಾಡಿಕೊಂಡು ಎದ್ದರು. ಚಂದ್ರಮತಿ ಕಲಶ ಎರೆಯಲು ಕಟ್ಟಿದ್ದ ಅಟ್ಟಣಿಗೆಯ ಮೆಟ್ಟಿಲಿನವರೆಗೆ ಬಂದು, ಕಂಬ ಹಿಡಿದು ಅಲ್ಲೇ ಕುಳಿತರು.

"ಏಳ, ಮಂದಿ ನೋಡಾಕತ್ತಾರ," ಭೀಮಗೊಂಡರು ಹಲ್ಲು ಕಚ್ಚಿದರು.

"ನೋಡ್ಲಿ ಬಿಡ್ರಿ. ದೇವರಿಗೆ ಇಲ್ಲಿಂದನ ಕೈ ಮುಗಿತೀನಿ. ನಿಮ್ಮ ಹೆಸರ ಮ್ಯಾಲೆ ಹತ್ತಾಕ ನನ್ನ ಕಾಲ ಯಾಕ ಬೇಕ್ರಿ?"

ಭೀಮಗೊಂಡರು ಒಬ್ಬರೇ ಹತ್ತಿ ಕಲಶ ಎರೆದರು. ಫೋಟೋದವನ ಕಡೆ ಮುಖ ತಿರುಗಿಸುವುದನ್ನು ಮರೆಯಲಿಲ್ಲ.

ಮುಂದಿನ ವಾರವೇ ಚಂದ್ರಮತಿ ತವರಿನವರು ಹಾಕಿದ್ದ ಚಿನ್ನದ ಪಾಟ್ಲಿ ಬಳೆಗಳನ್ನು ನಿಪ್ಪಾಣಿಯಲ್ಲಿ ಮಾರಿದರು. ಮಗಳು ಪ್ರಾಜಕ್ತಾಳ ಜೊತೆ ಮಿರಜಕ್ಕೆ ಹೋಗಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡರು. ಭೀಮಗೊಂಡರು ಆಸ್ಪತ್ರೆಗೆ ಬಂದರು. ನೋವು ಹೇಗಿದೆ ಎಂದು ಕೇಳಲಿಲ್ಲ.

"ಪಾಟ್ಲಿಗೆ ಎಷ್ಟ ಕೊಟ್ಟ ಸರಾಫ?" ಎಂದರು.

ಚಂದ್ರಮತಿ ಮಗಳ ಕಡೆ ತಿರುಗಿದರು. "ಪ್ರಾಜಕ್ತಾ, ನಿಮ್ಮಪ್ಪಗ ಒಂದ ಕಪ್ ಚಾ ಕುಡಿಸಿ ಬಸ್ ಹತ್ತಸವ್ವಾ. ಟಿಕೀಟಿನ ರೊಕ್ಕ ನಾನ ಕೊಡ್ತೀನಿ."