ನಿಮ್ಮಜ್ಜ ಚಾಚುತ್ತಿದ್ದ ಕೈ

ಆ ಮುದುಕ ಕೈ ನೀಳವಾಗಿ ಚಾಚಿ, ಮುಷ್ಟಿಯನ್ನು ನೀರು ಆಕಾಶ ಕೂಡುವ ಗೆರೆಗೆ ಕೂರಿಸಿ, ಒಂದು ಕಣ್ಣು ಮುಚ್ಚಿದಾಗ ನಾನು ಎರಡು ಹೆಜ್ಜೆ ಹತ್ತಿರ ಹೋದೆ. ಮಕ್ಕಳೇ, ಮಲ್ಪೆಯ ದಡದಲ್ಲಿ ನಿಮ್ಮಜ್ಜ ನಿಲ್ಲುತ್ತಿದ್ದದ್ದು ಥೇಟ್ ಹೀಗೆಯೇ.

ಸಿಡ್ನಿಯ ಬಂದರಿನಲ್ಲಿ ಜನ ಹತ್ತಿ ನೋಡಲೆಂದು ನಿಲ್ಲಿಸಿದ್ದ ಜೋಡಿದೋಣಿ ಅದು. ಪೆಸಿಫಿಕ್ ದ್ವೀಪದ ಆ ಮುದುಕ ದಿಕ್ಸೂಚಿಯಿಲ್ಲದೆ, ನಕ್ಷತ್ರ ಮತ್ತು ಅಲೆಗಳನ್ನು ನೋಡಿಕೊಂಡೇ ಅದನ್ನು ಸಾಗರ ದಾಟಿಸಿ ತಂದಿದ್ದನಂತೆ. ಕೈ ಯಾಕೆ ಹಾಗೆ ಹಿಡಿಯುತ್ತಾನೆಂದು ಕೇಳುವ ಆಸೆ, ಆದರೆ ನಾಚಿಕೆ. ದೊಡ್ಡ ಮೊಮ್ಮಗಳು ಅನುವಿನ ತೋಳು ಎಳೆದೆ.

"ನೀನೇ ಕೇಳಜ್ಜಿ, ಹಿ ವೋಂಟ್ ಬೈಟ್!" ಎಂದು ನಕ್ಕಳು.

"ನಿಮ್ಮಜ್ಜನೂ ಹೀಗೇ ಮಾಡ್ತಿದ್ರು ಅಂತ ಹೇಳು" ಎಂದು ನಾನೇ ಕೈ ಚಾಚಿ ತೋರಿಸಿದೆ: ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು. ಮುದುಕ ಕಣ್ಣರಳಿಸಿ ಏನೋ ಹೇಳಿದ. ಅನುವಿನ ನಗು ನಿಂತಿತು.

"ಅಜ್ಜಿ, ಮನೆ ಬಿಡೋವಾಗ ಸ್ಟಾರ್ ಎಷ್ಟು ಎತ್ತರ ಇದೆ ಅಂತ ಕೈಯಲ್ಲಿ ಅಳೆದಿಟ್ಕೋತಾರಂತೆ. ವಾಪಸ್ ಬರೋವಾಗ ಅದು ಅಷ್ಟೇ ಎತ್ತರದಲ್ಲಿ ಕಂಡ್ರೆ, ಮನೆ ನೇರಕ್ಕೆ ಬಂದ್ವಿ ಅಂತ."

ಮೀನಿಗೆಂದು ದೋಣಿ ಇಳಿಸುವ ಸಂಜೆಗಳಲ್ಲಿ ನಿಮ್ಮಜ್ಜ ಉತ್ತರಕ್ಕೆ ಕೈ ಚಾಚಿದಾಗ, ಧ್ರುವ ನಕ್ಷತ್ರಕ್ಕೆ ನಮಸ್ಕರಿಸುತ್ತಿದ್ದಾರೆಂದುಕೊಂಡು ನಾನೂ ಹಿಂದೆ ನಿಂತು ಕೈಮುಗಿಯುತ್ತಿದ್ದೆ. ಒಮ್ಮೆಯೂ ಕೇಳಲಿಲ್ಲ. ಅವರು ಅಳೆದಿಟ್ಟುಕೊಳ್ಳುತ್ತಿದ್ದದ್ದು ನಮ್ಮ ಮನೆಯನ್ನು. ಇಲ್ಲಿಯ ಆಕಾಶದಲ್ಲಿ ಧ್ರುವ ಕಾಣುವುದಿಲ್ಲ. ಮಲ್ಪೆಗೆ ಹೋದಾಗ ನೀವೂ ಉತ್ತರಕ್ಕೆ ಕೈ ಚಾಚಿ ನೋಡಿ: ಒಂದು ಮುಷ್ಟಿ, ಎರಡು ಬೆರಳು.