ನಡುಗುಡ್ಡದ ಏಳು ಜೀವಗಳು

ಎಲಿಸನ್ ತಾರೊಹಾ ಹಂದಿ ಬೇಟೆಗಾರ. ಓದಿದ್ದು ಮಿಷನ್ ಶಾಲೆಯಲ್ಲಿ ಆರನೆಯ ತರಗತಿ, ಅದೂ ಎರಡು ಸಲ. ಎಡಗಾಲಲ್ಲಿ ಹಂದಿಯ ಕೋರೆ ಬಗೆದ ಗುರುತು, ಬಾಯಲ್ಲಿ ಸದಾ ಅಡಿಕೆ ಸುಣ್ಣ. ಇಂಥವನು ಪುಸ್ತಕ ಬರೆದ ಎಂದರೆ ಉರಾಹಾ ದ್ವೀಪಕ್ಕೆ ಮದುವೆಯಾಗಿ ಬಂದ ಹೊಸ ಸೊಸೆಯಂದಿರು ನಗುತ್ತಾರೆ. ಹಳಬರು ನಗುವುದಿಲ್ಲ.

ಪುಸ್ತಕ ಹುಟ್ಟಿದ್ದು ಸಿಟ್ಟಿನಿಂದ. ರಾಜಧಾನಿ ಹೊನಿಯಾರಾದಿಂದ ಶಾಲೆ ನೋಡಲು ಬಂದ ಇನ್ಸ್‌ಪೆಕ್ಟರು ಹತ್ತು ಪ್ರಾಣಿಗಳ ಹೆಸರು ಕೇಳಿದರು. ಮಕ್ಕಳು ಸಿಂಹ ಅಂದವು, ಜಿರಾಫೆ ಅಂದವು, ಒಂಟೆ ಅಂದವು. ಎಲಿಸನ್ ಶಾಲೆಯ ಸೂರಿನ ಮೇಲೆ ಕೂತು ಗರಿ ಹೊದಿಸುತ್ತಿದ್ದ. ಬಿಸಿ ಮರಳಲ್ಲಿ ಮೊಟ್ಟೆ ಹೂಳುವ ನಮ್ಮ ಕಾಡುಕೋಳಿಯ ಮೊಟ್ಟೆಯನ್ನು ಅವೇ ಮಕ್ಕಳು ಅಂದು ಬೆಳಿಗ್ಗೆ ತಿಂದು ಬಂದಿದ್ದವು. ಅದರ ಹೆಸರು ಒಂದು ಬಾಯಿಂದಲೂ ಬರಲಿಲ್ಲ.

"ಏನ್ರೋ, ಬೆಳಿಗ್ಗೆ ಒಂಟೆ ಮೊಟ್ಟೆ ತಿಂದ್ಕೊಂಡ್ ಬಂದ್ರಾ?" ಅಂತ ಮೇಲಿಂದಲೇ ಕೇಳಿದ.

ಆ ವಾರವೇ ಹಡಗಿನ ಅಂಗಡಿಯಿಂದ ಒಂದು ನೋಟ್‌ಬುಕ್ಕು ತಂದ. ಮುಂದೆ ಆರು ವರ್ಷ ಅದೇ ಕೆಲಸ. ದ್ವೀಪದ ಒಂದೊಂದು ಜೀವವನ್ನೂ ಅವನು ನೋಡಿ ಬಂದು ಹೇಳುವುದು, ಶಾಲೆಯ ಟೀಚರಮ್ಮ ಚಿತ್ರ ಬರೆಯುವುದು. ರೆಕ್ಕೆ ತಪ್ಪಾದರೆ ಹಾಳೆ ಹರಿದುಹಾಕಿ ಮತ್ತೆ ಬರೆಸುತ್ತಿದ್ದ.

ಅವನ ಅಕ್ಕ ಹಿಲ್ಡಾ ಬಾಯಿಜೋರಿನ ಹೆಂಗಸು. "ಜೀವಮಾನವೆಲ್ಲ ಕೊಂದು ತಿಂದೆ. ಈಗ ಅವುಕ್ಕೆ ನಾಮಕರಣ ಮಾಡೋಕೆ ಹೊರಟೆಯಾ?"

"ರುಚಿ ಗೊತ್ತಿರೋನೇ ಅಲ್ವಾ ಅಕ್ಕ ಬರೀಬೇಕು."

ರುಚಿಯನ್ನೂ ಬರೆದ. ಪಾರಿವಾಳದ ಪುಟದ ಕೆಳಗೆ 'ಮಾಂಸ ನಾರು, ಹಲ್ಲಿಲ್ಲದವರಿಗೆ ಕೊಡಬೇಡಿ' ಎಂದಿದೆ. ಬಾವಲಿಯ ಪುಟದಲ್ಲಿ 'ಗರ್ಭಿಣಿ ಬಾವಲಿಯನ್ನು ಹೊಡೆಯುವವನು ತನ್ನ ಮೊಮ್ಮಗನ ಊಟ ಕದ್ದವನು' ಎಂದಿದೆ.

ಇಷ್ಟೇ ಆಗಿದ್ದರೆ ಯಾರಿಗೂ ಕೇಡಿರಲಿಲ್ಲ. ಆದರೆ ಉರಾಹಾದಲ್ಲಿ ಒಂದು ಮರ್ಯಾದೆ ಇದೆ. ನೆಲ ಇಲ್ಲಿ ತಾಯಿಯಿಂದ ಮಗಳಿಗೆ. ಇನ್ನೊಬ್ಬ ತಾಯಿಯ ಮನೆತನದ ಕಾಡಿಗೆ ಕಾಲಿಡಬೇಕಾದರೆ ಅಂಚಿನಲ್ಲಿ ನಿಂತು ಕೂಗಿ ಕೇಳಬೇಕು. ಅಲ್ಲಿ ಕಂಡದ್ದನ್ನು ಹೊರಗೆ ಹೇಳುವಾಗ ಯಾರ ಕಾಡಿನದು ಎಂದು ಸೇರಿಸಿ ಹೇಳಬೇಕು. ಹೇಳದವನು ಕಳ್ಳ. ಹಾಗಾಗಿ ಎಲಿಸನ್ ಎಂಬತ್ತನಾಲ್ಕು ಜೀವಗಳ ಕೆಳಗೂ ಒಂದೊಂದು ಸಾಲು ಬರೆದ: ಇಂಥವರ ತಾಯಿಯ ಕಾಡಿನದು, ಇಂಥವರು ನೋಡಲು ಬಿಟ್ಟರು.

ತೊಡಕು ಬಂದದ್ದು ನಡುಗುಡ್ಡದಲ್ಲಿ. ಆ ಗುಡ್ಡದ ಒಂದು ಮಗ್ಗುಲಲ್ಲಿ ಎಲಿಸನ್‌ನ ತಾಯಿಯ ಮನೆತನ, ಇನ್ನೊಂದು ಮಗ್ಗುಲಲ್ಲಿ ಮೊಫತ್ ಎಂಬವನ ತಾಯಿಯ ಮನೆತನ. ಹಿಲ್ಡಾಳ ಕೆಸುಗೆಡ್ಡೆಯ ಗದ್ದೆಗೆ ನೀರು ಇಳಿಯುವುದು ಅಲ್ಲಿಂದ. ಅಕ್ಕ-ತಮ್ಮನ ತಾಯಿಯನ್ನು ಹೂತದ್ದೂ ಅಲ್ಲೇ. ಮೊಫತ್‌ನ ಕಡೆಯವರು ಅಲ್ಲಿ ಬೆತ್ತ ಕಡಿಯುತ್ತಾರೆ, ಕಾಯಿ ಆರಿಸುತ್ತಾರೆ. ಗುಡ್ಡ ಯಾರದು ಎಂದು ಕೇಳಿದರೆ ಇವರು 'ಅವರದು' ಅನ್ನಬೇಕು, ಅವರು 'ಇವರದು' ಅನ್ನಬೇಕು. ಮೊದಲು 'ನಮ್ಮದು' ಅಂದವನು ನಾಚಿಕೆಗೆಟ್ಟವನು. ಹೀಗೆ ಎಷ್ಟೋ ತಲೆಮಾರು ಜಗಳವಿಲ್ಲದೆ ನಡೆದಿತ್ತು.

ಬಾಲದಿಂದ ಕೊಂಬೆ ಹಿಡಿದು ನೇತಾಡುವ ದೊಡ್ಡ ಹಲ್ಲಿಯನ್ನು ನೋಡಲು ಎಲಿಸನ್ ಗುಡ್ಡ ಹತ್ತುವಾಗ ಮೊಫತ್ ಬೆತ್ತದ ಹೊರೆ ಹೊತ್ತು ಎದುರಾದ.

"ಮೊಫತ್, ನಿಮ್ಮ ಗುಡ್ಡದಾಗೆ ಒಂದು ಹಲ್ಲಿ ನೋಡ್ಕೋಬೇಕಿತ್ತಲ್ಲ."

"ನಮ್ದೆಲ್ಲಿ ಬಂತಣ್ಣ, ನಿಮ್ದೇ ಅಲ್ವಾ? ನೋಡ್ಕೋ ಹೋಗು. ಕಚ್ಚಿಸ್ಕೊಂಡ್ರೆ ನನ್ ಹೆಸರು ಹೇಳ್ಬೇಡ."

ಇಬ್ಬರೂ ನಕ್ಕರು. ಮನೆಗೆ ಬಂದು ಎಲಿಸನ್ ಬರೆದ: ಮೊಫತ್‌ನ ತಾಯಿಯ ಗುಡ್ಡದ್ದು, ಮೊಫತ್ ನೋಡಲು ಬಿಟ್ಟ. ತನ್ನ ಮನೆತನದ ಹೆಸರು ಬರೆಯಲು ಅವನ ಕೈ ಹೇಗೆ ತಾನೇ ಏಳುತ್ತದೆ? ನಡುಗುಡ್ಡದ ಏಳು ಜೀವಗಳನ್ನೂ ಹೀಗೇ ಬರೆದ. ಅಕ್ಕನಿಗೆ ಓದಿ ಹೇಳಿದಾಗ ಅವಳು ತಲೆಯಾಡಿಸಿ, "ಸರಿಯಾಗೇ ಬರ್ದಿದೀಯ," ಅಂದಳು.

ಚರ್ಚಿನ ಹೆಂಗಸರ ಸಂಘದವರು ಅಚ್ಚು ಹಾಕಿಸಿದರು. ಮೂರು ರಟ್ಟಿನ ಪೆಟ್ಟಿಗೆಯಲ್ಲಿ ಪುಸ್ತಕ ಬಂದಿಳಿದ ದಿನ ಹಂದಿ ಸುಟ್ಟರು. ಮನೆಗೊಂದು ಪ್ರತಿ.

ಎರಡು ವರ್ಷಕ್ಕೆ ಮರದ ಕಂಪನಿಯ ಹಡಗು ಬಂತು. ಕಂಪನಿಗೆ ಬೇಕಾದದ್ದು ನಡುಗುಡ್ಡ. ದಪ್ಪ ಮರ ಇದ್ದದ್ದು ಅಲ್ಲೇ. ಬೇಕಾದದ್ದು ಒಂದು ಸಹಿ. ಯಾರ ಸಹಿ? ನಮ್ಮ ದ್ವೀಪದಲ್ಲಿ ನೆಲಕ್ಕೆ ಕಾಗದವೇ ಇರಲಿಲ್ಲ. ಯಾವುದು ಯಾರ ಕಾಡು ಎಂದು ಹೇಳುವ ಒಂದೇ ಒಂದು ಅಚ್ಚಾದ ಕಾಗದ ಎಲಿಸನ್‌ನ ಪುಸ್ತಕ.

ಗುಡ್ಡ ಯಾರದೆಂದು ತೀರ್ಮಾನಿಸುವ ವಿಚಾರಣೆಯ ಹಿಂದಿನ ದಿನ ಹಿಲ್ಡಾ ಅವನ ಅಂಗಳಕ್ಕೆ ಬಂದಳು. ಹೆಂಗಸರ ನೆಲವಾದರೂ ಸಭೆಯಲ್ಲಿ ಅವರ ಪರ ಮಾತಾಡುವುದು ಒಡಹುಟ್ಟಿದ ಗಂಡಸು.

"ಕುಡಿದಿದ್ದೆ ಅನ್ನು."

"ಏಳು ಪುಟ ಕುಡ್ದೇ ಬರ್ದೆ ಅಂದ್ರೆ ನಂಬ್ತಾರಾ ಅಕ್ಕ?"

"ಟೀಚರಮ್ಮ ತಪ್ಪು ಬರದ್ಲು ಅನ್ನು. ಇಲಿ ತಿಂದಿತ್ತು ಅನ್ನು. ಏನಾದ್ರೂ ಅನ್ನೋ. ಅವ್ವ ಅಲ್ಲಿ ಮಲಗವ್ಳೆ."

"ಮೊಫತ್ ಹೇಳ್ತಾನೆ ಬಿಡು. ಅವ್ನೇ ಎದ್ದು 'ನಮ್ದಲ್ಲ, ಅವ್ರದು' ಅಂತಾನೆ. ಅವ್ನ ಸರದಿ."

"ಅವ್ನ ಮನೆಗೆ ನಿನ್ನೆ ಕಂಪನಿ ಹಡಗಿಂದ ಎರಡು ಮೂಟೆ ಅಕ್ಕಿ ಇಳೀತು, ಎಲಿ."

ಸಭೆ ಚರ್ಚಿನ ಪಕ್ಕದ ಚಪ್ಪರದಲ್ಲಿ ಸೇರಿತು. ಪಟ್ಟಣದಿಂದ ಬಂದ ಅಧಿಕಾರಿ ಮೇಜಿನ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದ. ಗೋರಿ ಯಾರದೋ ಗುಡ್ಡ ಅವರದು ಎಂಬ ನಿಜ ಎರಡೂ ಕಡೆಯ ಹಿರಿಯರಿಗೆ ಗೊತ್ತಿತ್ತು. ಮೊಫತ್ ಎದ್ದ. ಎಲಿಸನ್ ಕಡೆಗೆ ನೋಡಲಿಲ್ಲ. ಏಳು ಪುಟಗಳನ್ನು ಒಂದೊಂದಾಗಿ ತೆಗೆದು, ಹಲ್ಲಿಯಿಂದ ಹಿಡಿದು ಕಡಲ ಹದ್ದಿನವರೆಗೆ, ಕೊನೆಯ ಸಾಲನ್ನು ಮಾತ್ರ ಓದಿ ಕೂತ.

"ಇದು ನೀನು ಬರೆದದ್ದಾ?" ಅಧಿಕಾರಿ ಕೇಳಿದ.

"ಹೌದು ಸ್ವಾಮಿ."

"ಯಾರಾದರೂ ಹೆದರಿಸಿ ಬರೆಸಿದರಾ?"

"ಇಲ್ಲ. ಅದು ಮರ್ಯಾದೆಗೆ ಬರ್ದಿದ್ದು. ನಮ್ಮಲ್ಲಿ ಹಂಗೇ ಹೇಳೋದು."

"ಮರ್ಯಾದೆಗೆ ಬರೆದದ್ದು ಅಂತ ಪುಸ್ತಕದಲ್ಲಿ ಎಲ್ಲಿದೆ, ತೋರಿಸು."

ಎಲಿಸನ್ ಹಿರಿಯರ ಕಡೆ ತಿರುಗಿದ. ಒಬ್ಬರು ಸುಣ್ಣದ ಬುರುಡೆ ಕೆರೆಯುತ್ತಿದ್ದರು. ಇನ್ನೊಬ್ಬರು ತಮ್ಮ ಕಾಲ್ಬೆರಳು ನೋಡಿಕೊಳ್ಳುತ್ತಿದ್ದರು. ಹಿಂದೆ ಹೆಂಗಸರ ಚಾಪೆಯ ಮೇಲೆ ಅಕ್ಕ ಕೂತಿದ್ದಳು.

"ಗುಡ್ಡ ನಮ್ಮದು," ಅಂದ ಎಲಿಸನ್.

ಅರವತ್ತೊಂದು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಬಟ್ಟೆ ಬಿಚ್ಚಿ ನಿಂತ ಹಾಗಾಯಿತು. ಹಿರಿಯರ ತಲೆಗಳು ಇನ್ನಷ್ಟು ಕೆಳಗೆ ಹೋದವು. ನಿಜ ಹೇಳಿದ್ದಕ್ಕೆ ಅವರಿಗೆ ಅವನ ಬಗ್ಗೆಯೇ ನಾಚಿಕೆಯಾಯಿತು.

ಅಧಿಕಾರಿ ಕೆಟ್ಟವನೇನಲ್ಲ. ಅವನ ಲೆಕ್ಕ ಸರಳ: ಮರದ ಮಾತೇ ಇಲ್ಲದ ಕಾಲದಲ್ಲಿ ಬರೆದದ್ದು ನಿಜ, ಮರ ಕಡಿಯುವ ಹೊತ್ತಿಗೆ ಹೇಳಿದ್ದು ಆಸೆ. ಗುಡ್ಡ ಮೊಫತ್‌ನ ಮನೆತನದ್ದೆಂದು ಬರೆದುಕೊಂಡು ಮಧ್ಯಾಹ್ನದ ದೋಣಿಗೆ ಹೋದ. ಚಪ್ಪರದ ಹೊರಗೆ ಮೊಫತ್ ಎದುರಾದ.

"ನಾನು ಕೇಳಿರ್ಲಿಲ್ಲ ಅಣ್ಣ. ನೀನೇ ಬರ್ದು ಕೊಟ್ಟಿದ್ದು."

ಎಲಿಸನ್ ಅವನನ್ನು ಬಳಸಿಕೊಂಡು ಮನೆಯ ದಾರಿ ಹಿಡಿದ.

ಬುಲ್ಡೋಜರ್ ಇಳಿದ ದಿನ ಹಿಲ್ಡಾ ನಲವತ್ತು ಹೆಂಗಸರನ್ನು ಕಟ್ಟಿಕೊಂಡು ದಾರಿಗೆ ಅಡ್ಡ ಕೂತಳು. ಮಳೆ, ಸೊಳ್ಳೆ, ಎಳೆ ಕೂಸುಗಳು, ಸುಟ್ಟ ಗೆಣಸು. ಮೂರು ದಿನ ಯಂತ್ರ ಒಂದು ಮಾರೂ ಮುಂದೆ ಹೋಗಲಿಲ್ಲ. ಎರಡನೆಯ ದಿನ ಎಲಿಸನ್ ಹೋಗಿ ಅವರ ಪಕ್ಕ ಕೂತ.

"ಏಳು," ಅಂದಳು ಹಿಲ್ಡಾ.

"ನಂಗೂ ಅವ್ವನೇ ಅಲ್ವಾ ಅಕ್ಕ?"

"ನೀನು ಇಲ್ಲಿ ಕೂತ್ರೆ ಅವ್ರು ನಿನ್ ಪುಸ್ತಕ ತಂದು ತೋರಿಸ್ತಾರೆ. ನಮ್ಮನ್ನೆಲ್ಲ ನಗೆಪಾಟಲು ಮಾಡ್ಬೇಡ. ಎದ್ದು ಹೋಗು."

ಅವನು ಎದ್ದು ಕಡಲ ದಂಡೆಗೆ ಹೋಗಿ ನಿಂತ. ಮೂರನೆಯ ದಿನ ಪೊಲೀಸರ ದೋಣಿ ಬಂತು. ಹೆಂಗಸರನ್ನು ಎತ್ತಿ ಎತ್ತಿ ಬದಿಗಿಟ್ಟರು. ಹಿಲ್ಡಾಳನ್ನು ಎತ್ತಲು ನಾಲ್ವರು ಬೇಕಾದರು.

ಹನ್ನೊಂದು ತಿಂಗಳು ಕಡಿದರು. ಹೊಳೆ ಕೆಂಪಾಗಿ ಹರಿಯಿತು, ಆಮೇಲೆ ಹರಿಯುವುದನ್ನೇ ಬಿಟ್ಟಿತು. ಹಿಲ್ಡಾಳ ಗದ್ದೆಯಲ್ಲಿ ಮೊಣಕಾಲುದ್ದ ಕೆಸರು ಕೂತು ಕೆಸುಗೆಡ್ಡೆ ಕೊಳೆಯಿತು. ಮರ ಎಳೆದ ದಾರಿ ತಾಯಿಯ ಗೋರಿಯ ಮೇಲೇ ಹಾದುಹೋಯಿತು. ಎಲಿಸನ್ ಹೋಗಿ ಹುಡುಕಿದ. ಗೋರಿಗೆ ಇಟ್ಟಿದ್ದ ಹವಳದ ಕಲ್ಲುಗಳಲ್ಲಿ ನಾಲ್ಕು ಸಿಕ್ಕವು. ಅವನ್ನು ಹೆಗಲ ಚೀಲದಲ್ಲಿ ಹಾಕಿಕೊಂಡು ನೇರ ಅಕ್ಕನ ಮನೆಗೆ ಬಂದ.

ಹಿಲ್ಡಾ ಕಲ್ಲುಗಳನ್ನು ಒಂದೊಂದಾಗಿ ತೊಳೆದು ಒಲೆಯ ಹಿಂದೆ ಇಟ್ಟಳು. ಅಳಲಿಲ್ಲ, ಬೈಯಲಿಲ್ಲ. ಅವಳು ಬೈದಿದ್ದರೆ ಅವನು ತಮ್ಮನಾಗಿ ಉಳಿದುಕೊಳ್ಳುತ್ತಿದ್ದ. ಆ ಮನೆಯಲ್ಲಿ ಅವನು ಹುಡುಗನಾಗಿದ್ದಾಗಿನಿಂದ ಅಕ್ಕನ ಮಡಕೆಗೇ ಕೈ ಹಾಕಿ ತಿಂದವನು. ಎಲೆ ಹಾಸಿ ಬಡಿಸುವುದು ಬೇರೆ ಮನೆತನದವರಿಗೆ.

ಹಿಲ್ಡಾ ಬಾಳೆಲೆ ಬಾಡಿಸಿ ತಂದು ಅವನ ಮುಂದೆ ಹಾಸಿದಳು. ಅಂಗಡಿ ಅಕ್ಕಿಯ ಅನ್ನ, ಡಬ್ಬಿ ಮೀನು ಬಡಿಸಿದಳು. ಬಡಿಸಿ ದೂರ ಸರಿದು ಕೂತಳು.

"ಊಟ ಮಾಡಿ," ಅಂದಳು.

ಎಲಿಸನ್ ಕೈ ತೊಳೆದುಕೊಂಡು ಕೂತ. ಅಷ್ಟನ್ನೂ ತಿಂದ. ಬಂದವನು ಎಲೆಯಲ್ಲಿ ಬಿಟ್ಟು ಏಳಬಾರದು.