ಬೇಲಿ ಸಾಲಿನ ಸೇವಂತಿಗೆ

ನಿಮ್ಮ ಕೈ ನಿಮ್ಮ ಮಾತು ಕೇಳುತ್ತದೆಯೇ? ಕೇಳುತ್ತದೆ ಎಂದು ತಲೆಯಾಡಿಸಿದವರು ಸ್ವಲ್ಪ ಹೊತ್ತು ಇಲ್ಲೇ ಕೂತಿರಿ. ನನ್ನ ಕೈಯೂ ಅರವತ್ತು ದಾಟುವವರೆಗೆ ಕೇಳುತ್ತಿತ್ತು. ಕೇಳಲೇಬೇಕಾಗಿದ್ದ ಒಂದೇ ಒಂದು ದಿನ ಕೈಕೊಟ್ಟಿತು.

ಹುಣಸೂರಿನ ಹತ್ತಿರದ ಒಂದು ನರ್ಸರಿಯಲ್ಲಿ ನಾನು ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಮಡಿ ಮಾಡುವುದು, ಸಸಿ ನೆಡುವುದು, ಕುಡಿ ಚಿವುಟುವುದು. ಕೊನೆಯದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಸೇವಂತಿಗೆ ಗಿಡ ಒಂದು ಗೇಣು ಬಂದ ಮೇಲೆ ಅದರ ತುದಿಯನ್ನು ಉಗುರಿನಿಂದ ಕಿತ್ತುಹಾಕಬೇಕು. ಆಗ ಅದು ಮೇಲಕ್ಕೆ ಓಡುವುದನ್ನು ಬಿಟ್ಟು ಪಕ್ಕಕ್ಕೆ ಕವಲೊಡೆಯುತ್ತದೆ, ಹೂವು ಜಾಸ್ತಿ ಬರುತ್ತದೆ. ಅಷ್ಟು ವರ್ಷ ಕುಡಿ ಕಿತ್ತು ಕಿತ್ತು ನನ್ನ ಹೆಬ್ಬೆರಳಿನ ಉಗುರಿಗೆ ಹತ್ತಿದ್ದ ಹಸಿರು ಕಲೆ ಸೀಗೆಪುಡಿಗೂ ಹೋಗುತ್ತಿರಲಿಲ್ಲ.

ಕೆಲಸದಿಂದ ನಿವೃತ್ತಳಾದ ವರ್ಷ ಹನಗೋಡಿನ ನಮ್ಮ ಹಿತ್ತಲಿನಲ್ಲಿ ಒಂದು ಆಟ ಶುರುಮಾಡಿದೆ. ನರ್ಸರಿಯಲ್ಲಿ ಸಾಹೇಬರು ಹೂವುಗಳನ್ನು ಕ್ರಾಸ್ ಮಾಡುವುದನ್ನು ನೀರು ಹಾಕುತ್ತಲೇ ನೋಡಿ ಕಲಿತಿದ್ದೆ. ಕ್ರಾಸ್ ಎಂದರೆ ಒಂದು ಹೂವಿನ ಪರಾಗವನ್ನು ನಾವೇ ತೆಗೆದು ಇನ್ನೊಂದಕ್ಕೆ ಮುಟ್ಟಿಸುವುದು. ತಾಯಿ ಗಿಡ ನಮ್ಮೂರಿನದೇ, ಮಾಲೆ ಕಟ್ಟುವ ಹಳದಿ ಸೇವಂತಿಗೆ. ತಂದೆ ಬಂದದ್ದು ಬೈಲಕುಪ್ಪೆಯಿಂದ. ಅಲ್ಲೊಬ್ಬರು ಟಿಬೆಟಿನ ಅಜ್ಜಿ ತಮ್ಮ ಅಂಗಡಿಯ ಮುಂದೆ ಎಣ್ಣೆ ಡಬ್ಬದಲ್ಲಿ ಕೆಂಪು ಸೇವಂತಿಗೆ ಬೆಳೆಸಿದ್ದರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಅರ್ಧ ಬರುತ್ತಿತ್ತು. ಗಿಡದ ಮರಿ ಕೇಳುವುದಕ್ಕೆ ಅಷ್ಟು ಸಾಕು.

ಹಳದಿ ಹೂವಿನ ಎಸಳುಗಳನ್ನು ಕತ್ತರಿಯಿಂದ ಮೋಟು ಮಾಡಿದೆ. ಬುಡದಲ್ಲಿ ಸೀಳು ನಾಲಿಗೆಯಂಥ ಪುಟ್ಟ ತುದಿಗಳು ಕಂಡವು. ಮೊಮ್ಮಗಳ ಬಣ್ಣದ ಬ್ರಷ್ಷಿನಲ್ಲಿ ಕೆಂಪು ಹೂವಿನ ನಡುವಿನ ಪುಡಿ ತೆಗೆದು ಅವಕ್ಕೆ ಸವರಿದೆ. ಚಿಟ್ಟೆ, ಜೇನು ಬಂದು ಅಧಿಕಪ್ರಸಂಗ ಮಾಡದಿರಲೆಂದು ಮೇಲೆ ಕಾಗದದ ಚೀಲ ಕಟ್ಟಿದೆ. ಉಸಿರು ಬಿಟ್ಟರೆ ಹಾರಿಹೋಗುವಂಥ ಬೀಜ ಸಿಕ್ಕಿತು. ಮೂವತ್ತೊಂದು ಸಸಿ ಮೇಲೆದ್ದವು.

ಮುಂದಿನ ಚಳಿಗಾಲಕ್ಕೆ ಎಲ್ಲ ಹೂಬಿಟ್ಟವು. ಮೂವತ್ತು ಗಿಡ ನೋಡಿ ನಗು ಬಂತು. ಕೆಲವಕ್ಕೆ ಎಸಳೇ ಇಲ್ಲ, ಕೆಲವಕ್ಕೆ ಕೊಳೆ ನೀರಿನ ಬಣ್ಣ. ಮೂವತ್ತೊಂದನೆಯದರ ಮುಂದೆ ನಾನು ಕುಕ್ಕರುಗಾಲಿನಲ್ಲಿ ಕೂತವಳು ಏಳಲೇ ಇಲ್ಲ. ಸೊಸೆ ಸವಿತಾ ಬಂದು, "ಅತ್ತೆ, ಕಾಲು ಇಡ್ಕತಾ?" ಎಂದು ಕೇಳಿದಳು. ಕಾಲು ಹಿಡಿದುಕೊಂಡದ್ದೂ ನಿಜ. ಆದರೆ ಆ ಹೂವು! ಎಸಳಿನ ಬೆನ್ನು ಹಳದಿ, ಹೊಟ್ಟೆ ಕೆಂಪು. ಮೊದಲು ಎಸಳುಗಳು ಒಳಕ್ಕೆ ಮಡಿಚಿಕೊಂಡಿರುತ್ತವೆ, ಬೆನ್ನು ಮಾತ್ರ ಕಾಣುತ್ತದೆ, ಆಗ ಹೂವು ಅರಿಶಿನದ ಉಂಡೆ. ಎಂಟೊಂಬತ್ತು ದಿನದಲ್ಲಿ ಒಂದೊಂದೇ ಎಸಳು ಹಿಂದಕ್ಕೆ ಬಾಗಿ ಹೊಟ್ಟೆ ತೋರಿಸುತ್ತದೆ. ಆಗ ಇಡೀ ಹೂವು ಕೆಂಪು. ಅದೇ ಗಿಡ, ಅದೇ ತೊಟ್ಟು!

ಆ ಒಂದು ಗಿಡದ ಬುಡದ ಮರಿಗಳನ್ನೇ ಬಿಡಿಸಿ ಬಿಡಿಸಿ ಎರಡು ವರ್ಷದಲ್ಲಿ ನಲವತ್ತು ಗಿಡ ಮಾಡಿದೆ. ಸವಿತಾ ಫೋನಿನಲ್ಲಿ ಹುಡುಕಿ, ಹೊಸ ತಳಿಯನ್ನು ಬೆಳೆಸಿದವರ ಹೆಸರಿನಲ್ಲೇ ದಿಲ್ಲಿಯ ಕಚೇರಿಯಲ್ಲಿ ದಾಖಲು ಮಾಡಿಕೊಳ್ಳುತ್ತಾರೆಂದು ಹೇಳಿ ಅರ್ಜಿ ಹಾಕಿದಳು. ಸ್ಥಳಕ್ಕೆ ಬಂದು ನೋಡಲು ಒಬ್ಬ ವಿಜ್ಞಾನಿಯನ್ನು ಗೊತ್ತುಮಾಡಿದರು. ಹೆಸರು ಅನಿತಾ, ಸಣ್ಣ ವಯಸ್ಸು, ಮಾತು ಕಡಿಮೆ. ಅವರು ಪರೀಕ್ಷೆಯನ್ನು ಬಿಡಿಸಿ ಹೇಳಿದರು. ಹೂವು ಬೇರೆ ಯಾವ ತಳಿಯ ಹಾಗೂ ಇರಬಾರದು. ನಲವತ್ತೂ ಗಿಡ ಒಂದೇ ಥರ ಇರಬೇಕು. ವರ್ಷ ವರ್ಷ ಹಾಗೇ ಉಳಿಯಬೇಕು. ಬಾವಿ ಕಡೆ ಇಪ್ಪತ್ತು, ಬೇಲಿ ಕಡೆ ಇಪ್ಪತ್ತು, ಎರಡು ಸಾಲು ನೆಡಿಸಿದರು.

"ಅಜ್ಜಿ, ಕುಡಿ ಒಂದೇ ಸಲ ಚಿವುಟಿ. ನಲವತ್ತಕ್ಕೂ ಒಂದೇ ದಿನ. ಆಮೇಲೆ ಮುಟ್ಟಬೇಡಿ" ಎಂದರು.

"ನಂಗೇ ಏಳ್ಕೊಡ್ತೀರಾ ಮೇಡಮ್ಮೋರೆ?" ಎಂದು ನಾನು ನಕ್ಕೆ. ನಕ್ಕದ್ದೇ ತಪ್ಪಾಯಿತು.

ಈ ಸಲವೇ ದಾಖಲಾಗಬೇಕಾದ ತುರ್ತೂ ಇತ್ತು. ಕೆ.ಆರ್. ನಗರದ ಕಡೆಯ ಒಬ್ಬ ಸಸಿ ವ್ಯಾಪಾರಿ ಹಿಂದಿನ ವರ್ಷ ಬಂದು ಹೂವು ನೋಡಿ ಹೊಗಳಿ ಮಜ್ಜಿಗೆ ಕುಡಿದು ಹೋಗಿದ್ದ. ಅವನು ಹೋದ ಮೇಲೆ ನೋಡಿದರೆ ಎರಡು ಗಿಡದ ಬುಡದಲ್ಲಿ ಮರಿ ಕಿತ್ತ ಗುಳಿ. ಇನ್ನೊಂದು ವರ್ಷ ಕೊಟ್ಟರೆ ಅವನು ನನ್ನ ಹೂವನ್ನು ನಾಲ್ಕು ತಾಲ್ಲೂಕಿಗೂ ಹಂಚಿ ತನ್ನ ಹೆಸರನ್ನೇ ಇಡುತ್ತಿದ್ದ.

ಹೇಳಿದ ಹಾಗೆ ನಲವತ್ತು ಗಿಡವನ್ನೂ ಒಂದೇ ಬೆಳಿಗ್ಗೆ ಚಿವುಟಿದೆ. ಆಮೇಲೆ ಮುಟ್ಟಲಿಲ್ಲ. ಗೌರಿ ಹಬ್ಬದ ಹಿಂದಿನ ವಾರದವರೆಗೆ.

ಆ ದಿನ ನಿಂಗಿ ಬಂದಳು. ನರ್ಸರಿಯಲ್ಲಿ ಇಪ್ಪತ್ತು ವರ್ಷ ನನ್ನ ಪಕ್ಕದ ಸಾಲಿನಲ್ಲಿ ಕೂತು ಕುಡಿ ಕಿತ್ತವಳು. ಮಗಳನ್ನು ಕೊಟ್ಟ ಪಿರಿಯಾಪಟ್ಟಣದ ಹೊಸ ಬೀಗರ ವಿಷಯ ಹೇಳಲು ಬಂದಿದ್ದಳು. ಬೇಲಿ ಸಾಲಿಗೆ ನೆರಳಿತ್ತು, ಅಲ್ಲೇ ಕೂತೆವು. ಬೀಗಿತ್ತಿ ತಾಂಬೂಲದ ತಟ್ಟೆಯಲ್ಲಿದ್ದ ಕೊಬ್ಬರಿ ಬಟ್ಟಲನ್ನು ಮೂಗಿಗೆ ಹಿಡಿದು ವಾಸನೆ ನೋಡಿದಳಂತೆ. ಆ ಕಥೆಗೆ ನಾನು ನಗುತ್ತಾ ಸ್ವಲ್ಪ ಮುಂದಕ್ಕೆ ಸರಿದೆ, ಅವಳೂ ಸರಿದಳು. ಬೀಗರ ಕಥೆ ಮುಗಿಯುವ ಹೊತ್ತಿಗೆ ನಾವು ಸಾಲಿನ ಆ ತುದಿಗೆ ತಲುಪಿದ್ದೆವು. ಎದ್ದು ಸೆರಗು ಕೊಡವಿದೆ. ಮಡಿಲಿನಿಂದ ಹಸಿರು ಕುಡಿಗಳು ಬುಳಬುಳನೆ ಉದುರಿದವು. ಅವಳ ಮಡಿಲಲ್ಲೂ ಅಷ್ಟೇ.

"ಅಯ್ಯೋ! ನೀ ಕೀಳ್ತಿದ್ಯಲ್ಲ ಅಂತ ನಾನೂ ಕಿತ್ತೆ ಕಣಕ್ಕ!" ಎಂದಳು ನಿಂಗಿ.

"ನೀ ಕೀಳ್ತಿದ್ದೆ ಕಣಮ್ಮಿ, ನಿನ್ ನೋಡ್ಕಂಡು ನನ್ ಕೈ ಓಯ್ತು!"

"ಓಗ್ಲಿ ಬುಡು. ಚಿಗುರ್ಕತದೆ. ಯಾರ್ಗೊತ್ತಾಯ್ತದೆ?"

ನನಗೂ ಆ ಮಾತೇ ಬೇಕಾಗಿತ್ತು. ಕುಡಿಗಳನ್ನೆಲ್ಲ ಬಾಚಿ ಮೇಕೆಗೆ ಹಾಕಿದೆ. ಸವಿತಾಳಿಗೂ ಹೇಳಲಿಲ್ಲ.

ದೀಪಾವಳಿ ಕಳೆದ ಎರಡನೇ ವಾರ ಅನಿತಾ ಮೇಡಂ ಜೀಪಿನಿಂದ ಇಳಿದು ನೇರ ಹಿತ್ತಲಿಗೆ ಬಂದರು. ಬಾವಿ ಕಡೆಯ ಇಪ್ಪತ್ತು ಗಿಡ ಕೆಂಪಗೆ ಅರಳಿ ನಿಂತಿದ್ದವು. ಬೇಲಿ ಕಡೆಯ ಇಪ್ಪತ್ತು ಗಿಡ ಹಳದಿ ಉಂಡೆ. ಕುಡಿ ಎರಡನೇ ಸಲ ಕಿತ್ತದ್ದರಿಂದ ಆ ಸಾಲು ಹಿಂದೆ ಬಿದ್ದಿತ್ತು. ಒಂದೇ ದಿನ ಚಿವುಟಿದ ಗಿಡಗಳು ಬಣ್ಣವನ್ನೂ ಒಟ್ಟಿಗೇ ತಿರುಗಿಸಬೇಕು, ಎರಡನೇ ಸಲ ಕಿತ್ತದ್ದು ಅವರಿಗೆ ಹೇಗೆ ಗೊತ್ತಾಗಬೇಕು?

"ಅಜ್ಜಿ, ಇದು ಎರಡು ತಳಿ. ಮರಿ ಬಿಡಿಸುವಾಗ ಬೆರೆತುಹೋಗಿದೆ" ಎಂದರು.

"ಇಲ್ಲ ಕಣ್ರೀ, ಎಲ್ಲಾ ಒಂದೇ ತಾಯಿ ಮಕ್ಳು."

"ಹಾಗಾದ್ರೆ ಗುಣ ನಿಂತಿಲ್ಲ. ಎರಡರಲ್ಲಿ ಯಾವುದಾದ್ರೂ ಸರಿ, ನಾನು ಪಾಸ್ ಮಾಡೋಕೆ ಆಗಲ್ಲ."

ಅವರು ಪೆನ್ನಿನ ಮುಚ್ಚಳ ತೆಗೆದರು. ಮೂವತ್ತೊಂದು ಸಸಿಯಲ್ಲಿ ಸಿಕ್ಕ ಒಂದು ಗಿಡ, ನಾಲ್ಕು ವರ್ಷದ ಕೆಲಸ, ಎಲ್ಲ ಆ ಪೆನ್ನಿನ ತುದಿಯಲ್ಲಿತ್ತು.

"ಬರೀಬ್ಯಾಡಿ ಮೇಡಮ್ಮೋರೆ. ಬೇಲಿ ಸಾಲ್ನ ನಾನು ಇನ್ನೊಂದ್ಸಲ ಚಿವುಟ್ಬುಟ್ಟಿದ್ದೀನಿ. ಗೌರಿ ಹಬ್ಬದ್ ಮುಂಚೆ."

ಹಿಂದೆ ನಿಂತಿದ್ದ ಸವಿತಾ, "ಅತ್ತೇ!" ಎಂದಳು. ಮೇಡಂ ಮಾತ್ರ ಮುಖ ಬದಲಿಸಲಿಲ್ಲ.

"ಎಲ್ಲಿ ಬರೆದಿಟ್ಟಿದ್ದೀರಿ?"

"ಬರ್ದಿಲ್ಲ. ಮೇಕೆಗೆ ಹಾಕ್ಬುಟ್ಟೆ."

"ಬರೆದದ್ದನ್ನಾ?"

"ಅಲ್ಲ, ಕುಡೀನ."

ಅವರು ಕೆಸರನ್ನೂ ನೋಡದೆ ಮೊಣಕಾಲೂರಿ ಬೇಲಿ ಸಾಲಿನ ಮೊದಲ ಗಿಡದ ಎಲೆಗಳನ್ನು ಬಿಡಿಸಿದರು. ಕುಡಿ ಕಿತ್ತ ಜಾಗದಲ್ಲಿ ದಂಟು ಮೋಟಾಗಿ ಉಳಿಯುತ್ತದೆ, ಅದರ ಕೆಳಗಿನಿಂದ ಕವಲು ಹೊರಡುತ್ತದೆ. ಒಮ್ಮೆ ಕಿತ್ತರೆ ಒಂದು ಮೋಟು. ಬೇಲಿ ಸಾಲಿನ ಗಿಡದಲ್ಲಿ ಕೆಳಗೊಂದು ಮೋಟು, ಅದರ ಮೇಲಿನ ಕವಲುಗಳಲ್ಲಿ ಮತ್ತೆ ಮೋಟು. ಇಪ್ಪತ್ತು ಗಿಡವನ್ನೂ ನೋಡಿದರು. ಬಾವಿ ಸಾಲಿನ ಇಪ್ಪತ್ತನ್ನೂ ನೋಡಿದರು. ಅಲ್ಲಿ ಒಂದೊಂದೇ. ನಾನು ಬರೆದಿಡದ್ದನ್ನು ಗಿಡಗಳು ದಂಟಿನಲ್ಲೇ ಬರೆದಿಟ್ಟುಕೊಂಡಿದ್ದವು.

ಬೇಲಿ ಸಾಲಿನ ಪ್ರತಿ ಗಿಡದ ಒಂದು ಹೂವಿಗೆ ನಂಬರಿನ ಚೀಟಿ ಕಟ್ಟಿ, ಅದಕ್ಕೆ ತಮ್ಮ ಸಹಿ ಹಾಕಿ, ಫೋಟೊ ತೆಗೆದುಕೊಂಡರು. "ಎಚ್.ಡಿ. ಕೋಟೆ ಕಡೆ ಕೆಲಸ ಇದೆ, ಮುಗಿಸಿಕೊಂಡು ಒಂಬತ್ತನೇ ದಿನ ಬರ್ತೀನಿ. ಇವು ಕೆಂಪಾದ್ರೆ ಒಂದೇ ತಳಿ. ಆಗದಿದ್ರೆ ಇಲ್ಲ" ಎಂದರು.

ಆ ಒಂಬತ್ತು ದಿನ ಕೇಳಬೇಡಿ! ಬೆಳಿಗ್ಗೆ ಎದ್ದವಳು ಮುಖ ತೊಳೆಯುವ ಮೊದಲು ಬೇಲಿ ಸಾಲಿಗೆ ಓಡುತ್ತಿದ್ದೆ, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು. ಮೂರನೇ ದಿನ ಹಳದಿ. ಐದನೇ ದಿನ ಹೊರಗಿನ ಎಸಳು ಸ್ವಲ್ಪ ಬಾಗಿದವು, ಒಳಗೆ ಕೆಂಪು ಇಣುಕಿತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವು ಬಂತೆಂದು ದೊಣ್ಣೆ ತಂದರು. ಏಳನೇ ದಿನ ಮೋಡ ಕವಿದು ಒಂದು ಎಸಳೂ ಅಲ್ಲಾಡಲಿಲ್ಲ. ನಿಂಗಿಗೆ ಫೋನು ಮಾಡಿ ಅವಳ ಬೀಗಿತ್ತಿಗೂ ಸೇರಿಸಿ ಬೈದೆ. ಎಂಟನೇ ದಿನ ಬಿಸಿಲು ಬಂತು.

ಒಂಬತ್ತನೇ ಬೆಳಿಗ್ಗೆ ಇಪ್ಪತ್ತಕ್ಕೆ ಇಪ್ಪತ್ತೂ ಕೆಂಪು! ಮೇಡಂ ಒಂದೊಂದೇ ಚೀಟಿ ತಿರುಗಿಸಿ ತಮ್ಮ ಸಹಿ ನೋಡಿಕೊಂಡರು. ಕೊನೆಯ ಗಿಡದ ಹತ್ತಿರ ಮೊದಲ ಬಾರಿಗೆ ನಕ್ಕರು. "ಬನ್ನಿ ಅಜ್ಜಿ, ವಿವರಣೆ ಬರೆಯೋಣ."

ಹೊಸ ತಳಿಗೆ ವಿವರಣೆ ಬರೆಯುವುದೆಂದರೆ ಕೂಸಿಗೆ ಜಾತಕ ಬರೆಸಿದ ಹಾಗೆ. ಗಿಡದ ಎತ್ತರ, ಎಲೆಯ ಅಂಚು, ತೊಟ್ಟಿನ ಉದ್ದ, ಎಲ್ಲ ಸ್ಕೇಲಿನಲ್ಲಿ ಅಳೆದರು. ಹೂವಿನ ಅಡ್ಡಳತೆ ಆರು ಸೆಂಟಿಮೀಟರು. ನ್ಯೂಸ್ ಪೇಪರಿನ ಮೇಲೆ ಒಂದು ಹೂವು ಬಿಡಿಸಿ ಎಸಳು ಎಣಿಸಿದೆವು. ಅವರ ಲೆಕ್ಕ ನೂರ ಎಂಬತ್ತನಾಲ್ಕು, ಬಿಡಿಸುತ್ತಲೇ ಎಣಿಸಿದ ನನ್ನದು ನೂರ ಎಂಬತ್ತಾರು. ಮತ್ತೆ ಎಣಿಸಿದರೆ ಎರಡು ಎಸಳು ನನ್ನ ಸೀರೆಗೆ ಅಂಟಿಕೊಂಡಿದ್ದವು. ನನ್ನದೇ ಸರಿ! ಬಣ್ಣಕ್ಕೆ ಒಂದು ಚಾರ್ಟ್ ತಂದಿದ್ದರು. ನೂರಾರು ಬಣ್ಣದ ಪಟ್ಟಿ, ಪ್ರತಿಯೊಂದಕ್ಕೂ ನಂಬರು. ನೆರಳಿನಲ್ಲಿ ಎಸಳು ಇಟ್ಟು ಹೊಂದಿಸಿದರು.

"ಅಷ್ಟ್ಯಾಕ್ ಒದ್ದಾಡ್ತೀರಿ? ವಸಾ ಇಟ್ಟಿಗೆ ಮ್ಯಾಲೆ ನೀರ್ ಬಿದ್ದಂಗದೆ ಅಂತ ಬರೀರಿ" ಎಂದೆ.

"ದಿಲ್ಲಿಯವರಿಗೆ ನಿಮ್ಮ ಇಟ್ಟಿಗೆ ಎಲ್ಲಿಂದ ತರಲಿ ಅಜ್ಜಿ?" ಎಂದು ನಂಬರನ್ನೇ ಬರೆದರು. ಹೆಸರು ಮಾತ್ರ ನಾನು ಹೇಳಿದ್ದನ್ನೇ ಬರೆದುಕೊಂಡರು: ಹೊಂಗೆಂಪು.

ದಾಖಲಾದ ಕಾಗದ ಮೊನ್ನೆ ಬಂತು. ತಳಿ ಬೆಳೆಸಿದವರು ಎಂಬಲ್ಲಿ ನನ್ನ ಹೆಸರಿದೆ. ಕೆಲಸ ಕಲಿಸಿದ್ದು ಇಷ್ಟು: ಕೈ ಪಳಗಿದಷ್ಟೂ ಅದು ನಮ್ಮನ್ನು ಕೇಳದೆ ಕೆಲಸ ಮಾಡುತ್ತದೆ, ಆದ್ದರಿಂದ ಅದು ಮಾಡಿದ್ದನ್ನು ಆವತ್ತೇ ಬರೆದಿಡಬೇಕು, ತಪ್ಪಾಗಿದ್ದರೆ ಮೊದಲು ಬರೆದಿಡಬೇಕು. ಅದಕ್ಕೆಂದೇ ಸವಿತಾಳನ್ನು ಕಾಡಿ ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿತೆ. ಈಗ ಗಿಡಕ್ಕೆ ಒಂದು ಚೊಂಬು ನೀರು ಹಾಕಿದರೂ ಬರೆಯುತ್ತೇನೆ.

ಕಾಗದ ಬಂದ ದಿನ ಅನಿತಾ ಮೇಡಂಗೆ ಫೋನು ಮಾಡಿದೆ. "ಮೇಡಮ್ಮೋರೆ, ನಾನ್ ಕುಡಿ ಕಿತ್ತಿದ್ಕೇ ಅಲ್ವಾ ನಿಮ್ಗೆ ಒಂದೇ ದಿನ ಎಲ್ಡೂ ಬಣ್ಣ ಕಂಡಿದ್ದು? ವರದೀಲಿ ನನ್ ಬಗ್ಗೆನೂ ಒಂದ್ ಒಳ್ಳೆ ಮಾತು ಬರೀಬೇಕಿತ್ತು" ಎಂದೆ.

ಆ ಕಡೆಯಿಂದ ಉತ್ತರ ಬಂತು:

"ಬರೆಯೋಣ ಅಂತಲೇ ಇದ್ದೆ ಅಜ್ಜಿ. ಗಿಡ ನಲವತ್ತೂ ಒಂದೇ ಥರ ಇದಾವೆ, ಬೆಳೆಸಿದೋರು ಮಾತ್ರ ಬಾವಿ ಕಡೆ ಒಂದು ಥರ, ಬೇಲಿ ಕಡೆ ಒಂದು ಥರ ಅಂತ. ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ!"